ಟ್ರಾನ್ಸ್‌ಫರ್ ಆರ್ಡರು, ಹೊಸ ಶಾಲೆ, ಪಾನ್ ಠೇಲಾ: ಮಕ್ಕಳ ಚಟ ಶುರುವಾಗೋದು ಎಲ್ಲಿ?

(ನಾಗಪುರದಲ್ಲಿ ಕನ್ನಡ ಕುಟುಂಬಗಳು ಸೇರಿದ್ದ ಒಂದು ಸಂಜೆ ಆಡಿದ ಮಾತಿನ ಬರಹರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸ್ವಲ್ಪ ತಿದ್ದಿದೆ.)

ಹಿಂದಿನ ಸಾಲಿಗೆ ಕೇಳಿಸ್ತಿದೆ ತಾನೆ? ಸರಿ.

ಹದಿಹರೆಯದ ಮಕ್ಕಳು ಮತ್ತು ಮಾದಕ ವಸ್ತುಗಳು ಅಂತ ವಿಷಯ ಕೊಟ್ಟಿದ್ದಾರೆ. ಈ ವಿಷಯ ಅಂದ ತಕ್ಷಣ ಅಪ್ಪ-ಅಮ್ಮಂದಿರು ಮೊದಲು ಕೇಳೋದು ಒಂದೇ: "ಮೇಡಂ, ಲಕ್ಷಣ ಏನು? ಕಣ್ಣು ಕೆಂಪಾಗುತ್ತಾ? ಬ್ಯಾಗಲ್ಲಿ ಏನು ಹುಡುಕ್ಬೇಕು?" ನ್ಯಾಯವಾದ ಪ್ರಶ್ನೆಯೇ. ಆದರೆ ಕಣ್ಣು ಕೆಂಪಾಗೋ ಹೊತ್ತಿಗೆ ಕೆಲವೊಮ್ಮೆ ಒಂದೆರಡು ವರ್ಷ ಕಳೆದುಹೋಗಿರುತ್ತೆ. ನನಗೆ ಇವತ್ತು ಅದಕ್ಕಿಂತ ಹಿಂದಿನದು ಹೇಳ್ಬೇಕಿದೆ. ಯಾವ ಮಗು ಆ ಕಡೆ ಜಾರೋ ಸಾಧ್ಯತೆ ಹೆಚ್ಚು, ಯಾಕೆ, ಅದರಲ್ಲಿ ನಮ್ಮಂಥ ಊರು ಬಿಟ್ಟು ಬಂದ ಮನೆಗಳ ಪಾಲೇನು ಅನ್ನೋದು.

ನಾನು ಈ ಊರಿಗೆ ಬಂದು ಹದಿನಾಲ್ಕು ವರ್ಷ. ಹದಿಹರೆಯದ ಮಕ್ಕಳ ಕೌನ್ಸೆಲಿಂಗ್ ನನ್ನ ಕೆಲಸ. ಬರೋರಲ್ಲಿ ಹೆಚ್ಚಿನವರು ಮರಾಠಿ, ಹಿಂದಿ ಮನೆಯವರು. ಮಿಹಾನ್‌ನಲ್ಲಿ ಐಟಿ ಕಂಪನಿಗಳು ಶುರುವಾದ ಮೇಲೆ ಕನ್ನಡದವರೂ ಬರ್ತಾರೆ, ಇಲ್ಲೊಬ್ಬರಿಗೆ ಕನ್ನಡ ಬರುತ್ತಂತೆ ಅಂತ ಕೇಳ್ಕೊಂಡು. ಈಗ ನಾನು ಹೇಳೋ ಉದಾಹರಣೆಗಳು ಯಾವುದೋ ಒಂದು ಮನೆಯದಲ್ಲ. ಮೂರ್ನಾಲ್ಕು ಮನೆಗಳದ್ದು ಕಲಸಿ, ಊರು, ವಯಸ್ಸು ಬದಲಾಯಿಸಿ ಹೇಳ್ತೀನಿ. ಹಾಗಾಗಿ ಇದು ಯಾರ ಮನೆ ಅಂತ ಪಕ್ಕದವರ ಮುಖ ನೋಡೋದು ಬೇಡ. (ನಗು)

ಮೊದಲು ಒಂದು ಮಾತು. ಅಪಾಯದ ಅಂಶ ಅಂದ್ರೆ ಕಾರಣ ಅಲ್ಲ. ನಿಮ್ಮ ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ, ನಿಮ್ಮ ತೂಕ ಜಾಸ್ತಿ, ದಿನಕ್ಕೆ ಹತ್ತು ಗಂಟೆ ಕೂತೇ ಕೆಲಸ. ಇಷ್ಟಿದ್ರೂ ನಿಮಗೆ ಸಕ್ಕರೆ ಕಾಯಿಲೆ ಬಂದೇ ಬರುತ್ತೆ ಅಂತ ಡಾಕ್ಟರ್ ಹೇಳಲ್ಲ. ಒಂದರ ಮೇಲೊಂದು ಕೂತಷ್ಟೂ ಸಾಧ್ಯತೆ ಏರುತ್ತೆ ಅಂತಾರೆ, ಕೆಲವನ್ನ ಇಳಿಸ್ಕೊಳ್ಳಿ ಅಂತಾರೆ. ಇದೂ ಹಾಗೇ. ಸಿಯಾಟಲ್‌ನ ಹಾಕಿನ್ಸ್ ಮತ್ತು ಕ್ಯಾಟಲಾನೊ ಅನ್ನೋ ಸಂಶೋಧಕರು 1992ರಲ್ಲಿ ಅಲ್ಲಿವರೆಗಿನ ಅಧ್ಯಯನಗಳನ್ನೆಲ್ಲ ಜೋಡಿಸಿ ಒಂದು ದೊಡ್ಡ ಲೇಖನ ಬರೆದ್ರು. ಇವತ್ತಿಗೂ ಈ ಕ್ಷೇತ್ರದವರು ಅದನ್ನೇ ಹಿಡಿದು ಮಾತಾಡ್ತಾರೆ. ಮನೆಯಲ್ಲಿ ಹಿರಿಯರಿಗೆ ಚಟ ಇರೋದು, ಅಪ್ಪ-ಅಮ್ಮನ ಜಗಳ, ಶಾಲೆಯಲ್ಲಿ ಸೋಲು, ಬಳಸೋ ಸ್ನೇಹಿತರು, ಕೈಗೆ ಸುಲಭವಾಗಿ ಸಿಗೋದು, ಇವೆಲ್ಲ ನೀವು ಊಹಿಸೋವೇ. ಆದರೆ ಅದೇ ತಂಡ ಮುಂದೆ ಊರು-ಬಡಾವಣೆಗಳಿಗೆ ಅಂತ ಮಾಡಿದ ಪಟ್ಟಿಯಲ್ಲಿ ಇನ್ನೊಂದು ಅಂಶ ಇದೆ, ಅದನ್ನ ನಾವು ಯೋಚನೆ ಮಾಡಿರೋದಿಲ್ಲ. ಊರು ಬದಲಾಗೋದು, ಶಾಲೆ ಬದಲಾಗೋದು.

ಅಂದ್ರೆ ನಮ್ಮ ಕೈಗೆ ಬಂದ ಟ್ರಾನ್ಸ್‌ಫರ್ ಆರ್ಡರ್. ನಾವದನ್ನ ಇನ್‌ಕ್ರಿಮೆಂಟ್ ಅಂತ ಓದಿರ್ತೀವಿ.

ಊರು ಬದಲಾದ್ರೆ ಏನಾಗುತ್ತೆ? "ಹೊಸ ಜಾಗ, ಬೇಜಾರು, ಆಮೇಲೆ ಒಗ್ಗುತ್ತೆ" ಅಂತೀವಿ. ಬೇಜಾರಿಗಿಂತ ದೊಡ್ಡದು ಒಂದಿದೆ. ನೀವು ದಾವಣಗೆರೆಯಲ್ಲೋ ಹಾಸನದಲ್ಲೋ ಒಂಬತ್ತನೇ ಕ್ಲಾಸಲ್ಲಿ ಇದ್ದಾಗ ಒಂದು ಸಿಗರೇಟು ಕೊಳ್ಬೇಕು ಅಂದ್ರೆ ಏನು ಮಾಡ್ಬೇಕಿತ್ತು? ಮನೆ ಹತ್ತಿರದ ಅಂಗಡಿಯಲ್ಲಿ ಸಾಧ್ಯವೇ ಇರ್ಲಿಲ್ಲ. "ಏನಪ್ಪಾ, ನೀನು ಮೇಷ್ಟ್ರ ಮಗ ಅಲ್ವಾ? ಯಾರಿಗೆ ಇದು?" ಅಂತ ಕೇಳೋರು. ಸೈಕಲ್ ತುಳ್ಕೊಂಡು ಬಸ್ ಸ್ಟ್ಯಾಂಡ್ ಆಚೆ ಹೋಗ್ಬೇಕಿತ್ತು, ಅಲ್ಲೂ ಸೋದರಮಾವನ ಸ್ನೇಹಿತ ಒಬ್ಬ ಸಿಗ್ತಿದ್ದ. (ನಗು) ಕೆಲವರು ಹೋದ್ವಿ, ಇಲ್ಲ ಅಂತಲ್ಲ. ಆದರೆ ಅಷ್ಟು ದೂರ ತುಳಿಯೋ ತಾಪತ್ರಯಕ್ಕೇ ಎಷ್ಟೋ ಜನ ಬಿಟ್ಟಿದ್ದಾರೆ. ನಿಮ್ಮನ್ನ ಕಾದಿದ್ದು ನಿಮ್ಮಪ್ಪ ಒಬ್ಬರೇ ಅಲ್ಲ. ಪೂರ್ತಿ ಒಂದು ಬೀದಿ ಕಾದಿತ್ತು. ಸಂಬಳ ಇಲ್ಲದೆ, ಕೆಲವೊಮ್ಮೆ ಚಾಡಿಯ ರೂಪದಲ್ಲಿ.

ಈಗ ನಿಮ್ಮ ಮಗ ವರ್ಧಾ ರಸ್ತೆಯ ಅಪಾರ್ಟ್‌ಮೆಂಟ್‌ನಿಂದ ಇಳಿದು ಮೂಲೆಯ ಪಾನ್ ಠೇಲಾಗೆ ಹೋಗ್ತಾನೆ. ಅಲ್ಲಿರೋನಿಗೆ ಇವನು ಯಾರ ಮಗ ಗೊತ್ತಿಲ್ಲ. ಟ್ಯೂಷನ್ ಸರ್‌ಗೆ ಗೊತ್ತಿಲ್ಲ. ಸೆಕ್ಯೂರಿಟಿಯವನಿಗೆ ಫ್ಲ್ಯಾಟ್ ನಂಬರ್ ಮಾತ್ರ ಗೊತ್ತು. ಹುಡುಗನಿಗೂ ಇದು ಚೆನ್ನಾಗಿ ಗೊತ್ತು. ಹದಿನಾಲ್ಕನೇ ವಯಸ್ಸಲ್ಲಿ ಮೊದಲ ಸಲ ಅವನು ಯಾರಿಗೂ ಸೇರದ ಮನುಷ್ಯ. ದೊಡ್ಡವರಿಗೆ ಅದು ಸ್ವಾತಂತ್ರ್ಯ. ಆ ವಯಸ್ಸಿಗೆ ಅದು ಅಪಾಯ.

ಈಗ ಆ ಪಾನ್ ಠೇಲಾ ಮುಂದೆ ಸ್ವಲ್ಪ ನಿಲ್ಲೋಣ. ನಮ್ಮವರು ಇಲ್ಲಿಗೆ ಬಂದು ಪೇಪರ್ ಓದ್ತಾರೆ. ಎಂಡಿ ಸಿಕ್ತು, ರೈಲಲ್ಲಿ ಗಾಂಜಾ ಹಿಡಿದ್ರು. ದೇಶದ ನಡುಮಧ್ಯದ ಜಂಕ್ಷನ್ ಇದು, ಎಲ್ಲ ದಿಕ್ಕಿನ ರೈಲೂ ಹಾಯುತ್ತೆ, ಆ ಸುದ್ದಿ ಬರ್ತಾನೇ ಇರುತ್ತೆ. ಓದಿ ಹೆದರಿ ಮಗನ ಬ್ಯಾಗಲ್ಲಿ ಬಿಳಿ ಪುಡಿ ಹುಡುಕ್ತಾರೆ. ಅಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಪುಡಿಕೆ ಇರುತ್ತೆ, ಒಳಗೆ ಕಂದು ಬಣ್ಣದ ಒದ್ದೆ ಅಡಿಕೆ ಚೂರು. "ಓ, ಅಡಿಕೆ" ಅಂತ ಪಕ್ಕಕ್ಕಿಡ್ತಾರೆ.

ಅದು ಖರ್ರಾ. ನಾಗಪುರ, ಚಂದ್ರಪುರ, ಗಡಚಿರೋಲಿ, ಇಡೀ ವಿದರ್ಭದ ಚಟ. ಅಡಿಕೆ, ತಂಬಾಕು, ಸುಣ್ಣ ಸೇರಿಸಿ ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ಚೆನ್ನಾಗಿ ಉಜ್ಜಿ ಉಜ್ಜಿ ಕೊಡ್ತಾರೆ. ಗುಟ್ಕಾವನ್ನ ಮಹಾರಾಷ್ಟ್ರ 2012ರಲ್ಲೇ ನಿಷೇಧ ಮಾಡ್ತು. ಖರ್ರಾಗೆ ಬ್ರ್ಯಾಂಡ್ ಇಲ್ಲ, ಪ್ಯಾಕೆಟ್ ಮೇಲೆ ಕ್ಯಾನ್ಸರ್ ಚಿತ್ರ ಇಲ್ಲ, ಕಣ್ಣೆದುರೇ ಕೈಯಲ್ಲಿ ಉಜ್ಜಿ ಕೊಡೋದು. ಒಂದು ಪುಡಿಕೆ ಸ್ನೇಹಿತರೆಲ್ಲ ಹಂಚ್ಕೊಂಡು ತಿಂತಾರೆ. ಹೊಗೆ ಇಲ್ಲ, ಬಟ್ಟೆಗೆ ವಾಸನೆ ಇಲ್ಲ, ಬಾಯಲ್ಲಿಟ್ಕೊಂಡು ಕ್ಲಾಸಲ್ಲೇ ಕೂರಬಹುದು. ಹೊಸ ಹುಡುಗನಿಗೆ ಗುಂಪಿನ ಬಾಗಿಲು ಅಂದ್ರೆ ಅದೇ. "ಲೇ ಬೇ, ಥೋಡಾ ಖಾ." ಅಷ್ಟೇ, ಒಳಗೆ ಬಂದ.

ಇಲ್ಲಿ ಕನ್ನಡದ ಮನೆಗೊಂದು ವಿಶೇಷ ತೊಡಕಿದೆ. ಎಲೆ-ಅಡಿಕೆ ನಮಗೆ ಚಟ ಅಲ್ಲ, ಮರ್ಯಾದೆ. ತಾಂಬೂಲ ಕೊಡದೆ ಮುತ್ತೈದೆಯನ್ನ ಕಳಿಸಲ್ಲ. ಇಲ್ಲಿ ಶಿವಮೊಗ್ಗ, ಶಿರಸಿ, ಚನ್ನಗಿರಿ ಕಡೆಯವರು ಇದ್ದೀರಿ, ಅಡಿಕೆ ತೋಟದ ದುಡ್ಡಲ್ಲಿ ಇಂಜಿನಿಯರಿಂಗ್ ಓದಿದವರೂ ಇದ್ದೀರಿ. ಬೇಸರ ಮಾಡ್ಕೋಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ತಂಬಾಕು ಸೇರಿಸದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರೋ ವಸ್ತುಗಳ ಮೊದಲ ಗುಂಪಿಗೆ ಸೇರಿಸ್ತು. ಅಜ್ಜಿ ಹಬ್ಬಕ್ಕೊಮ್ಮೆ ಹಾಕೋ ಎಲೆ-ಅಡಿಕೆ ಬೇರೆ, ಹದಿನೈದು ವರ್ಷದ ಹುಡುಗ ದಿನಕ್ಕೆ ಎರಡು ಪುಡಿಕೆ ಖರ್ರಾ ಕೆನ್ನೆಯಲ್ಲಿ ಒತ್ತಿಟ್ಕೊಳ್ಳೋದು ಬೇರೆ. ಪ್ರಮಾಣ, ತಂಬಾಕು, ವಯಸ್ಸು, ಮೂರೂ ಬೇರೆ.

ಅಡಿಕೆಯಿಂದ ಬಾಯಿಯ ಒಳಚರ್ಮ ಬಿಗಿದುಕೊಂಡು ಹಗ್ಗದ ಹಾಗಾಗೋ ರೋಗ ಇದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತಾರೆ. ಇಲ್ಲಿನ ದಂತವೈದ್ಯರನ್ನ ಕೇಳಿ, ಇಪ್ಪತ್ತು ದಾಟದವರಲ್ಲೂ ನೋಡಿರ್ತಾರೆ. ಅದರ ಮೊದಲ ಸೂಚನೆಗಳಲ್ಲಿ ಒಂದು ಏನು ಗೊತ್ತಾ? ಖಾರ ತಿಂದ್ರೆ ಬಾಯಿ ಉರಿಯೋದು. ಇಷ್ಟು ದಿನ ಚಟ್ನಿಪುಡಿ ಜಾಸ್ತಿ ಹಾಕು ಅಂತಿದ್ದ ಹುಡುಗ ಸಾರು ಕೂಡ ಖಾರ ಅಂತಾನೆ. ಅಮ್ಮ ಅಂದ್ಕೊಳ್ತಾಳೆ, ಸಾವಜಿ ಊಟದ ಊರಿಗೆ ಬಂದು ಇವನಿಗೆ ಖಾರ ಯಾಕೆ ಆಗ್ತಿಲ್ಲ? ಮುಂದೆ ಬಾಯಿ ಪೂರ್ತಿ ತೆರೆಯೋಕೆ ಆಗಲ್ಲ. ಅವನದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಹೋಗ್ಬೇಕು. ಹೋಗಲ್ಲ ಅಂದ್ರೆ ದಂತವೈದ್ಯರ ಹತ್ತಿರ ಕರ್ಕೊಂಡು ಹೋಗಿ. ಬೈಯೋಕೆ ಮೊದಲು ಕರ್ಕೊಂಡು ಹೋಗಿ. ಬಿಗಿದ ಚರ್ಮ ಪೂರ್ತಿ ಮೊದಲಿನ ಹಾಗೆ ಆಗಲ್ಲ, ಬೇಗ ಬಿಟ್ಟಷ್ಟೂ ಒಳ್ಳೇದು.

ಖರ್ರಾ ತಿಂದವನು ನಾಳೆ ಎಂಡಿ ತಗೊಳ್ತಾನೆ ಅಂತ ನಾನು ಹೇಳ್ತಿಲ್ಲ. ಬಹಳ ಜನ ಖರ್ರಾದಲ್ಲೇ ನಿಲ್ತಾರೆ, ಅದೇ ಸಾಕಷ್ಟು ಕೆಟ್ಟದ್ದು. ಆದರೆ ಅದು ಕೆಲವು ಅಭ್ಯಾಸ ಕಲಿಸುತ್ತೆ. ಕದ್ದು ಕೊಳ್ಳೋದು, ಬಚ್ಚಿಡೋದು, ಮನಸ್ಸು ಕಸಿವಿಸಿ ಆದಾಗ ಹೊರಗಿನ ವಸ್ತು ಒಂದನ್ನ ಒಳಗೆ ಹಾಕ್ಕೊಳ್ಳೋದು. ಶುರುವಾಗೋ ವಯಸ್ಸು ಬಹಳ ಮುಖ್ಯ. 2019ರ ಶಾಲಾ ಮಕ್ಕಳ ತಂಬಾಕು ಸಮೀಕ್ಷೆಯಲ್ಲಿ ದೇಶದ 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ಶೇ 8.5 ಮಂದಿ ತಂಬಾಕು ಬಳಸ್ತಿದ್ರು. ಹೊಗೆಯಿಲ್ಲದ ತಂಬಾಕು ಹಿಡಿದಿದ್ದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಹತ್ತು ವರ್ಷ ತುಂಬೋ ಮೊದಲೇ ಶುರು ಮಾಡಿದ್ರು. ಮದ್ಯದ ವಿಷಯಕ್ಕೆ ಅಮೆರಿಕದ ಒಂದು ದೊಡ್ಡ ಅಧ್ಯಯನ ಇದೆ, 1997ರದ್ದು. 15 ತುಂಬೋ ಮೊದಲು ಕುಡಿಯೋಕೆ ಶುರು ಮಾಡಿದವರಲ್ಲಿ ಶೇ 40ರಷ್ಟು ಜನ ಬದುಕಿನ ಯಾವುದೋ ಘಟ್ಟದಲ್ಲಿ ಮದ್ಯವ್ಯಸನಿಗಳಾಗಿದ್ರು. 20 ಅಥವಾ ಆಮೇಲೆ ಶುರು ಮಾಡಿದವರಲ್ಲಿ ಶೇ 10ರಷ್ಟು. ಬೇಗ ಶುರು ಮಾಡೋ ಮಕ್ಕಳ ಮನೆ, ಸ್ವಭಾವವೇ ಬೇರೆ ಇರಬಹುದು, ವಯಸ್ಸೊಂದೇ ಕಾರಣ ಅಂತ ಹೇಳೋಕಾಗಲ್ಲ. ಆದರೂ ಈ ಅಂಕಿ ನೋಡಿದಾಗಿಂದ ನಾನು ಪೋಷಕರಿಗೆ ಹೇಳೋದು, "ಜೀವನಪೂರ್ತಿ ಮುಟ್ಟಲ್ಲ ಅಂತ ಆಣೆ ಹಾಕಿಸ್ಬೇಡಿ, ಮುಂದೂಡಿಸಿ." ಒಂದೊಂದು ವರ್ಷ ಮುಂದೂಡಿದ್ರೂ ಲಾಭವೇ.

ಶಾಲೆಗೆ ಬರ್ತೀನಿ. ಎಂಟು-ಒಂಬತ್ತನೇ ಕ್ಲಾಸಲ್ಲಿ ಬೆಂಗಳೂರಿಂದ ಇಲ್ಲಿಗೆ ಬಂದ ಮಗುವಿನ ಕಷ್ಟ ನಾವು ಗಣಿತ-ವಿಜ್ಞಾನದಲ್ಲಿ ಅಳೀತೀವಿ. ಸಿಬಿಎಸ್‌ಇ ಅಲ್ವಾ, ಅದೇ ಪುಸ್ತಕ, ಏನು ಕಷ್ಟ ಅಂತೀವಿ. ಮಹಾರಾಷ್ಟ್ರದಲ್ಲಿ 2020ರ ಕಾನೂನಿನ ಪ್ರಕಾರ ಎಲ್ಲ ಬೋರ್ಡಿನ ಶಾಲೆಗಳಲ್ಲೂ ಮರಾಠಿ ಕಲಿಸ್ಬೇಕು. ಭಾಷೆ ಕಲಿಯೋದು ಒಳ್ಳೇದೇ, ನನ್ನ ತಕರಾರಿಲ್ಲ, ನಾನೂ ಕಲ್ತೆ. ಆದರೆ ಅಲ್ಲಿ ಕ್ಲಾಸಿಗೆ ಮೂರನೆಯವನಾಗಿದ್ದ ಹುಡುಗ ಇಲ್ಲಿ ಎದ್ದು ನಿಂತು ಒಂದು ಸಾಲು ಓದೋಕೆ ತಡವರಿಸ್ತಾನೆ, ಹಿಂದಿನ ಬೆಂಚಿನವರು "ಅಣ್ಣಾ, ಅಣ್ಣಾ" ಅಂತ ನಗ್ತಾರೆ. ನಮ್ಮಲ್ಲಿ ಗೌರವದ ಪದ ಅದು. ಇಲ್ಲಿ ದಕ್ಷಿಣದ ಎಲ್ಲರಿಗೂ ಇಟ್ಟಿರೋ ಹೆಸರು. ಮುಂದಿನ ಬೆಂಚಿನವರಿಗೆ ಮಾರ್ಕ್ಸ್ ಬೇಕು, ಅವರ ಗುಂಪು ಎಲ್‌ಕೆಜಿಯಿಂದ ಗಟ್ಟಿಯಾಗಿರುತ್ತೆ, ಒಳಗೆ ಬಿಡಲ್ಲ. ಯಾವ ಷರತ್ತೂ ಇಲ್ಲದೆ ಬಾ ಅಂತ ಕರೆಯೋದು ಯಾರು? ಹಿಂದಿನ ಬೆಂಚು. ಅವರು ಕೆಟ್ಟವರಲ್ಲ, ಸತ್ಯ ಹೇಳ್ಬೇಕಂದ್ರೆ ಆ ಕ್ಲಾಸಲ್ಲಿ ಎಲ್ಲರಿಗಿಂತ ಒಳ್ಳೆ ಮನಸ್ಸಿನವರು ಅವರೇ ಇರಬಹುದು. ಅವರೂ ಶಾಲೆ ಕೈಬಿಟ್ಟ ಮಕ್ಕಳು. "ಕೆಟ್ಟ ಸಹವಾಸ" ಅಂತ ನಾವು ಯಾವುದನ್ನ ಮೊದಲ ಕಾರಣ ಅಂತೀವೋ ಅದು ಸಾಲಿನಲ್ಲಿ ಮೂರನೆಯದೋ ನಾಲ್ಕನೆಯದೋ. ಮೊದಲು ಸೋಲು, ಆಮೇಲೆ ಒಂಟಿತನ, ಆಮೇಲೆ ಆ ಸಹವಾಸ.

ಸ್ನೇಹಿತರ ಎದುರು ಈ ವಯಸ್ಸಿನವರ ಲೆಕ್ಕಾಚಾರವೇ ಬದಲಾಗುತ್ತೆ. 2005ರಲ್ಲಿ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಅನ್ನೋರು ಮಕ್ಕಳಿಗೂ ದೊಡ್ಡವರಿಗೂ ಕಾರು ಓಡಿಸೋ ಒಂದು ವಿಡಿಯೊ ಆಟ ಆಡಿಸಿದ್ರು. ಹದಿಹರೆಯದವರು ಸ್ನೇಹಿತರು ಜೊತೆಗಿದ್ದಾಗ ಒಬ್ಬರೇ ಇದ್ದಾಗಿಗಿಂತ ಬಹಳ ಹೆಚ್ಚು ಅಪಾಯಕ್ಕೆ ಕೈ ಹಾಕಿದ್ರು. 24 ದಾಟಿದವರಲ್ಲಿ ಆ ವ್ಯತ್ಯಾಸ ಕಾಣಿಸಲಿಲ್ಲ. ಹಾಗಾಗಿ ಡ್ರಾಯಿಂಗ್ ರೂಮಲ್ಲಿ ಕೂತು "ಸಿಗರೇಟು ಸೇದ್ತೀಯಾ?" ಅಂದ್ರೆ ಅವನು ಹೇಳೋ "ಇಲ್ಲ" ಸುಳ್ಳಲ್ಲ. ಫುಟಾಳಾ ಕೆರೆ ದಂಡೆಯಲ್ಲಿ ನಾಲ್ಕು ಜನರ ನಡುವೆ ಅದೇ ಹುಡುಗ ಬೇರೆಯವನು.

ಮತ್ತೆ ಸಂಜೆ. ಇದು ಐಟಿ ಮನೆಗಳ ಗಂಟಲಲ್ಲಿ ಸಿಕ್ಕಿರೋ ಮುಳ್ಳು. ಅಮೆರಿಕದ ಕ್ಲೈಂಟ್ ಇದ್ರೆ ಮನೆಯಲ್ಲಿ ಒಬ್ಬರೋ ಇಬ್ಬರೋ ರಾತ್ರಿ ಹತ್ತರವರೆಗೆ ಕಾಲ್‌ನಲ್ಲಿ. ಮನೆಯಿಂದಲೇ ಕೆಲಸ ಅಂದ್ರೂ ಬಾಗಿಲು ಹಾಕಿರುತ್ತೆ. ಮೈಸೂರಲ್ಲಿ ಅಜ್ಜಿ ಇದ್ರು, ಶಾಲೆಯಿಂದ ಬಂದ ತಕ್ಷಣ "ಕೈಕಾಲು ತೊಳ್ಕೋ" ಅನ್ನೋರು. ಅಜ್ಜಿ ಕೈಕಾಲು ತೊಳೆಸ್ತಿರಲಿಲ್ಲ ನೋಡಿ, ಹಾಜರಿ ತಗೊಳ್ತಿದ್ರು. ಮುಖ ನೋಡೋರು, ವಾಸನೆ ಗೊತ್ತಾಗೋದು, ಸಪ್ಪಗಿದ್ದಾನೆ ಅಂತ ತಿಳಿಯೋದು. ಇಲ್ಲಿ ನಾಲ್ಕರಿಂದ ಎಂಟರವರೆಗೆ ಆ ಹಾಜರಿ ತಗೊಳ್ಳೋರಿಲ್ಲ. ಕೈಯಲ್ಲಿ ಯುಪಿಐ ಇದೆ. ಒಂದು ಮನೆಯಲ್ಲಿ ಅಪ್ಪ ತಿಂಗಳ ಸ್ಟೇಟ್‌ಮೆಂಟ್ ನೋಡಿದ್ರೆ ಒಂದೇ ಹೆಸರಿಗೆ ಇಪ್ಪತ್ತು, ಮೂವತ್ತು, ಇಪ್ಪತ್ತು ರೂಪಾಯಿ. ಚಿಪ್ಸ್ ಅಂದ್ಕೊಂಡಿದ್ರು.

ಇದಕ್ಕೆ ನಮ್ಮವರು ಕಂಡುಕೊಂಡಿರೋ ಪರಿಹಾರ ಆ್ಯಪ್. ಲೊಕೇಶನ್ ಟ್ರ್ಯಾಕಿಂಗ್, ಮೆಸೇಜ್ ಓದೋದು, ಮಾನಿಟರಿಂಗ್ ಡ್ಯಾಶ್‌ಬೋರ್ಡ್. ಇಂಜಿನಿಯರ್‌ಗಳಲ್ವಾ. (ನಗು) ಪೋಷಕರಿಗೆ ಮಗು ಎಲ್ಲಿದೆ, ಯಾರ ಜೊತೆ ಇದೆ ಅಂತ ಗೊತ್ತಿದ್ದಷ್ಟೂ ಚಟದ ಅಪಾಯ ಕಡಿಮೆ ಅನ್ನೋದು ಹಳೆಯ ಸಂಶೋಧನೆ, ಸರಿಯಾದದ್ದೇ. ಆದರೆ 2000ದಲ್ಲಿ ಸ್ಟಾಟಿನ್ ಮತ್ತು ಕೆರ್ ಅನ್ನೋರು ಸ್ವೀಡನ್‌ನ 14 ವರ್ಷದ 703 ಮಕ್ಕಳನ್ನೂ ಅವರ ಪೋಷಕರನ್ನೂ ವಿಚಾರಿಸಿ ಒಂದು ಸಣ್ಣ ಪ್ರಶ್ನೆ ಎತ್ತಿದ್ರು. ಪೋಷಕರಿಗೆ ಅದು ಗೊತ್ತಾಗೋದಾದ್ರೂ ಹೇಗೆ? ಪತ್ತೇದಾರಿಕೆಯಿಂದ ಅಲ್ಲ, ಕಟ್ಟುನಿಟ್ಟಿನಿಂದಲೂ ಅಷ್ಟಾಗಿ ಅಲ್ಲ. ಬಹುಪಾಲು ಮಗು ತಾನಾಗೇ ಹೇಳಿದ್ದರಿಂದ. ಅಂದ್ರೆ ಕಾಪಾಡ್ತಿದ್ದದ್ದು ಪೋಷಕರ ಕಣ್ಣಲ್ಲ, ಮಗುವಿನ ಬಾಯಿ.

ಹಾಗಾದ್ರೆ ಮಗು ಯಾವಾಗ ಹೇಳುತ್ತೆ? ಹಿಂದಿನ ಸಲ ಹೇಳಿದಾಗ ಏನಾಯ್ತು ಅನ್ನೋದರ ಮೇಲೆ. ಒಂದು ಹುಡುಗಿ, ಹತ್ತನೇ ಕ್ಲಾಸು. ಟ್ಯೂಷನ್ನಿನಲ್ಲಿ ಒಬ್ಬಳು ವೇಪ್ ತಂದಿದ್ದಳು ಅಂತ ಊಟ ಮಾಡ್ತಾ ಅಮ್ಮನಿಗೆ ಹೇಳ್ತಾಳೆ. ಪೆನ್‌ಡ್ರೈವ್ ಥರ ಇರುತ್ತೆ, ಹಣ್ಣಿನ ವಾಸನೆ. 2019ರಿಂದ ಇಡೀ ದೇಶದಲ್ಲಿ ಮಾರೋದು ನಿಷಿದ್ಧ, ಆದ್ರೂ ಸಿಗುತ್ತೆ. ಅಮ್ಮ ಆ ರಾತ್ರಿನೇ ಆ ಹುಡುಗಿಯ ಮನೆಗೆ ಫೋನ್ ಮಾಡಿದ್ರು, ಟ್ಯೂಷನ್ ಬಿಡಿಸಿದ್ರು. ಅಮ್ಮನ ದೃಷ್ಟಿಯಲ್ಲಿ ಕರ್ತವ್ಯ. ಮಗಳ ದೃಷ್ಟಿಯಲ್ಲಿ, ಇದ್ದ ಒಬ್ಬಳೇ ಗೆಳತಿ ಹೋದಳು. ಆಮೇಲೆ ಒಂದು ವರ್ಷ ಆ ಊಟದ ಮೇಜಿನಲ್ಲಿ "ಸ್ಕೂಲ್ ಹೇಗಿತ್ತು?" "ಚೆನ್ನಾಗಿತ್ತು" ಬಿಟ್ರೆ ಮಾತಿಲ್ಲ. ನನ್ನ ಹತ್ತಿರ ಬಂದಾಗ ಅವಳು ಹೇಳಿದ್ದು, "ಅಮ್ಮಂಗೆ ಏನೂ ಹೇಳಬಾರದು ಅಂತ ಅವತ್ತೇ ತೀರ್ಮಾನ ಮಾಡ್ದೆ."

ಫೋನ್ ಮಾಡ್ಲೇಬಾರದು ಅಂತಲ್ಲ. ಮೊದಲು "ನಿನಗೇನನ್ನಿಸ್ತು?" ಅಂತ ಕೇಳಿ. "ಇದನ್ನ ನಾನು ಸುಮ್ನೆ ಬಿಡೋಕಾಗಲ್ಲ, ಹೇಗೆ ಮಾಡಿದ್ರೆ ನಿನಗೆ ತೊಂದ್ರೆ ಆಗಲ್ಲ?" ಅಂತ ಅವಳನ್ನೇ ಕೇಳಿ. ಎರಡು ದಿನ ತಡ ಆದ್ರೆ ಪ್ರಳಯ ಆಗಲ್ಲ.

ಇನ್ನು ಮನೆಯ ಬಾಟಲಿ. ಶನಿವಾರ ರಾತ್ರಿ ನಾಲ್ಕು ಕುಟುಂಬ ಸೇರ್ತೀವಿ, ತಪ್ಪೇನಿಲ್ಲ, ಊರು ಬಿಟ್ಟವರಿಗೆ ಅದೊಂದೇ ನೆಂಟಸ್ತನ. ಗ್ಲಾಸಿಗೆ ಐಸ್ ತರೋದು ಯಾರು? ಹದಿಮೂರು ವರ್ಷದ ಮಗ. ಕೆಲವರಿಗೊಂದು ಸಿದ್ಧಾಂತ ಇದೆ: "ಹೊರಗೆ ಕದ್ದು ಕುಡಿಯೋದಕ್ಕಿಂತ ನಮ್ಮೆದುರಿಗೇ ಒಂದು ಸಿಪ್ ಕುಡೀಲಿ, ಕುತೂಹಲ ಹೋಗುತ್ತೆ." ಆಸ್ಟ್ರೇಲಿಯಾದಲ್ಲಿ ಇದನ್ನೇ ಪರೀಕ್ಷೆ ಮಾಡಿದ್ರು. 1,900ಕ್ಕೂ ಹೆಚ್ಚು ಮಕ್ಕಳನ್ನ ಆರು ವರ್ಷ ಹಿಂಬಾಲಿಸಿ 2018ರಲ್ಲಿ ಪ್ರಕಟ ಮಾಡಿದ್ರು. ಪೋಷಕರೇ ಕೊಟ್ಟಿದ್ದರಿಂದ ಯಾವ ರಕ್ಷಣೆಯೂ ಸಿಗಲಿಲ್ಲ. ಉಲ್ಟಾ, ಅಂಥ ಮಕ್ಕಳಿಗೆ ಮುಂದೆ ಬೇರೆ ಕಡೆಯಿಂದ ಮದ್ಯ ಸಿಗೋದೂ ಹೆಚ್ಚಾಗಿತ್ತು. ಕಾನೂನು ಹೇಳ್ಲಾ? ಮಹಾರಾಷ್ಟ್ರದಲ್ಲಿ ಬಿಯರ್‌ಗೆ 21, ವಿಸ್ಕಿ-ರಮ್‌ಗೆ 25. ಬಾಲನ್ಯಾಯ ಕಾಯ್ದೆ 2015ರ 77ನೇ ಕಲಂ ಪ್ರಕಾರ ಡಾಕ್ಟರ್ ಹೇಳದೆ ಮಗುವಿಗೆ ಮದ್ಯವೋ ತಂಬಾಕೋ ಕೊಟ್ಟರೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಠೇಲಾದವನಿಗೂ ಇದು ಅನ್ವಯ. ತೀರ್ಥ ಕೊಟ್ಟ ಹಾಗೆ ಕೊಡೋ ಮಾವನಿಗೂ.

ಒಂದು ಮನೆಗೆ ಹೆಚ್ಚು, ಒಂದಕ್ಕೆ ಕಡಿಮೆ ಅನ್ನೋದೂ ಇದೆ. ಅಪ್ಪನಿಗೋ ಅಜ್ಜನಿಗೋ ಕುಡಿತದ ಚಟ ಇದ್ದ ಮನೆಯಲ್ಲಿ ಮಗುವಿಗೆ ಅಪಾಯ ಹೆಚ್ಚು, ಸುಮಾರು ಅರ್ಧದಷ್ಟು ಪಾಲು ಅನುವಂಶೀಯ ಅಂತ ಅವಳಿ ಮಕ್ಕಳ ಅಧ್ಯಯನಗಳು ಹೇಳ್ತವೆ. ಚಿಕ್ಕಂದಿನಿಂದ ಒಂದು ಕಡೆ ಕೂರದ, ಯೋಚಿಸದೆ ಧುಮುಕೋ ಮಗು, ಚಿಕಿತ್ಸೆ ಸಿಗದ ಎಡಿಎಚ್‌ಡಿ, ಯಾರೂ ಗಮನಿಸದ ಖಿನ್ನತೆ, ಹೊಡೆತ, ಲೈಂಗಿಕ ಕಿರುಕುಳ, ಇವೆಲ್ಲ ಪಟ್ಟಿಯಲ್ಲಿವೆ. ನಿಮ್ಹಾನ್ಸ್ ಮುಂದಾಳತ್ವದಲ್ಲಿ ಬೆಂಗಳೂರು, ಮೈಸೂರೂ ಸೇರಿ ದೇಶದ ಏಳು ಕಡೆ 6ರಿಂದ 23 ವರ್ಷದ ಸುಮಾರು 9,000 ಮಂದಿಯನ್ನ ಹಿಡಿದು ಸಿ-ವೇದ ಅನ್ನೋ ಅಧ್ಯಯನ ನಡೆದಿದೆ. ಯಾವ ಮಗುವಿನ ಮಿದುಳು, ಮನೆ, ಪರಿಸರ ಹೇಗೆ ಸೇರಿ ಚಟದ ಕಡೆ ಒಯ್ಯುತ್ತೆ ಅನ್ನೋದೇ ಅದರ ಪ್ರಶ್ನೆ. ಮನೆತನದಲ್ಲಿ ಚಟ ಇದ್ರೆ ಮುಚ್ಚಿಡಬೇಡಿ. "ನಿಮ್ಮಜ್ಜನಿಗೆ ಹಾರ್ಟ್ ಅಟ್ಯಾಕ್ ಆಗಿತ್ತು" ಅಂತ ಸುಳ್ಳು ಹೇಳೋ ಮನೆ ಎಷ್ಟಿಲ್ಲ! ಹುಡುಗನಿಗೆ ಹದಿನೈದು ಆದಾಗ ಹೇಳಿ, ನಮ್ಮ ರಕ್ತಕ್ಕೆ ಇದು ಬೇಗ ಹಿಡಿಯುತ್ತೆ ಕಣೋ ಅಂತ. ಅದು ಅವಮಾನ ಅಲ್ಲ, ಮಾಹಿತಿ.

ಯಾರೋ ಚೀಟಿ ಕಳಿಸಿದ್ದಾರೆ: "ಪೂರ್ತಿ ಬ್ಯಾನ್ ಮಾಡಿದ್ರೆ ಆಗಲ್ವಾ?" ಒಳ್ಳೆ ಊರಲ್ಲಿ ಕೇಳಿದ್ರಿ. ಈ ವರ್ಧಾ ರಸ್ತೆ ಹಿಡಿದು ಹೋದ್ರೆ ಬರೋ ವರ್ಧಾ ಜಿಲ್ಲೆ, ಗಾಂಧೀಜಿಯ ಸೇವಾಗ್ರಾಮ ಇರೋದು, 1970ರ ದಶಕದಿಂದ ಪಾನನಿಷೇಧದ ಜಿಲ್ಲೆ. ಗಡಚಿರೋಲಿ 1993ರಲ್ಲಿ ಆಯ್ತು, ಅದರ ಹಿಂದೆ ಹಳ್ಳಿ ಹೆಂಗಸರ ಚಳವಳಿ ಇತ್ತು, ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಇದ್ರು. ಚಂದ್ರಪುರದಲ್ಲಿ 2015ರಲ್ಲಿ ತಂದು 2021ರಲ್ಲಿ ತೆಗೆದ್ರು. ಕಳ್ಳದಂಧೆ ಹೆಚ್ಚಾಯ್ತು ಅಂದ್ರು. ಸುಲಭವಾಗಿ ಸಿಗೋದು ಕಡಿಮೆ ಆದ್ರೆ ಬಳಕೆ ಕಡಿಮೆ ಆಗುತ್ತೆ, ಅದನ್ನ ನಾನು ಒಪ್ತೀನಿ. ಆದರೆ ಗಡಚಿರೋಲಿಯವರೇ ಕಾಗದದ ನಿಷೇಧ ಸಾಲದು ಅಂತ 2016ರಲ್ಲಿ ಮುಕ್ತಿಪಥ ಅಂತ ಶುರು ಮಾಡಿ ಹಳ್ಳಿ ಹಳ್ಳಿಯಲ್ಲಿ ಮದ್ಯದ ಜೊತೆ ಖರ್ರಾ ವಿರುದ್ಧವೂ ಗುಂಪು ಕಟ್ಟಿದ್ರು. ನಮ್ಮ ಸೊಸೈಟಿಯ ಗೇಟಿನ ಹೊರಗೆ ಒಂದು ಠೇಲಾ ಇದೆ, ಶಾಲೆಯ ನೂರು ಗಜದೊಳಗೆ ತಂಬಾಕು ಮಾರಬಾರದು ಅಂತ 2003ರ ಕಾನೂನಿದೆ. ಎಷ್ಟು ಜನ ಆ ಠೇಲಾದವನ ಜೊತೆ ಮಾತಾಡಿದ್ದೀರಿ? ದೂರು ಕೊಡೋದು ಆಮೇಲಿನ ಮಾತು. "ಭೈಯ್ಯಾ, ಇವನು ನನ್ನ ಮಗ, ಮೂರನೇ ಮಹಡಿ" ಅಂತ ಮಗನ ಜೊತೆ ಹೋಗಿ ಒಂದು ನೀರಿನ ಬಾಟಲಿ ಕೊಂಡ್ಕೊಳ್ಳಿ. ಅಷ್ಟಕ್ಕೇ ಅವನು ಅಲ್ಲಿ ಯಾರದೋ ಮಗ ಆಗ್ತಾನೆ.

ಐಸ್‌ಲ್ಯಾಂಡ್ ದೇಶದ ಕಥೆ ಕೆಲವರು ಕೇಳಿರ್ತೀರಿ. 1998ರಲ್ಲಿ ಅಲ್ಲಿನ 15-16 ವರ್ಷದವರಲ್ಲಿ ಶೇ 42 ಮಂದಿ ಹಿಂದಿನ ತಿಂಗಳು ಕುಡಿದು ಅಮಲೇರಿದ್ದೆವು ಅಂದಿದ್ರು. 2016ಕ್ಕೆ ಅದು ಶೇ 5. ದಿನಾ ಸಿಗರೇಟು ಸೇದೋರು ಶೇ 23 ಇದ್ದದ್ದು 3ಕ್ಕೆ ಇಳೀತು. ಕಾನೂನು ಬಿಗಿ ಮಾಡಿದ್ರು, ರಾತ್ರಿ ಮಕ್ಕಳು ಹೊರಗಿರೋ ಹೊತ್ತು ಗೊತ್ತು ಮಾಡಿದ್ರು, ಆಟ, ಸಂಗೀತಕ್ಕೆ ಸರ್ಕಾರವೇ ದುಡ್ಡು ಕೊಡ್ತು. ಅದು ನಾಗಪುರದ ಒಂದು ಮೂಲೆಯಷ್ಟೂ ಜನ ಇಲ್ಲದ ದೇಶ, ಹಾಗೇ ಎತ್ತಿ ತರೋಕಾಗಲ್ಲ. ಆದರೆ ಒಂದು ತುಂಡು ನಮಗೆ ಸರಿಹೊಂದುತ್ತೆ. ಒಂದೇ ಶಾಲೆಯ ಪೋಷಕರು ಪರಸ್ಪರ ಪರಿಚಯ ಮಾಡ್ಕೊಂಡು, ಮಕ್ಕಳ ವಿಷಯದಲ್ಲಿ ಒಂದೇ ಮಾತಿಗೆ ಬಂದ್ರು. ನಿಮ್ಮ ಮಗನ ಐದು ಸ್ನೇಹಿತರ ಹೆಸರು ಹೇಳಿ ಅಂದ್ರೆ ಹೇಳ್ತೀರಿ. ಆ ಐದು ಜನರ ಅಮ್ಮಂದಿರ ಹೆಸರು? ನಂಬರ್? ನಮ್ಮವರು ಇಲ್ಲಿ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಇರ್ತೀವಿ, ಮಗ ಇರೋದು ಮರಾಠಿ ಹುಡುಗರ ಜೊತೆ. ರಾಜ್ಯೋತ್ಸವ ಬೇಕು. ತಾನ್ಹಾ ಪೋಳಾ ದಿನ ಕೆಳಗಿನ ಮನೆಯವರ ಹತ್ತಿರ ಹೋಗಿ ಮಾತಾಡಿಸೋದೂ ಬೇಕು.

ಹೀಗೇ, ಹತ್ತಿರ ಇರೋ ಒಬ್ಬ ದೊಡ್ಡವರನ್ನ ಮಗುವಿಗೆ ಜೊತೆ ಮಾಡಿಕೊಡಿ. ಕ್ರಿಕೆಟ್ ಕೋಚ್, ತಬಲಾ ಮಾಸ್ತರು, ನಿಮ್ಮ ಸಹೋದ್ಯೋಗಿಯೇ ಆದ್ರೂ ಸರಿ. ನೀವು ನಂಬುವವರು, ನಿಮಗೂ ಎದುರು ಹೇಳಬಲ್ಲವರು. ಅಪ್ಪನಿಗೆ ಹೇಳೋಕಾಗದ್ದನ್ನ ಚಿಕ್ಕಪ್ಪನಿಗೆ ಹೇಳ್ತಿದ್ವಲ್ಲ, ಆ ಜಾಗ. ಸಾಧ್ಯ ಆದ್ರೆ ಒಂಬತ್ತು-ಹತ್ತನೇ ಕ್ಲಾಸಿನ ನಡುವೆ ಟ್ರಾನ್ಸ್‌ಫರ್ ಬೇಡ ಅಂತ ಕೇಳಿ. ಆಗಲ್ಲ ಅಂದ್ರೆ ಮೊದಲ ಆರು ತಿಂಗಳು ಮಾರ್ಕ್ಸ್ ಕೇಳಬೇಡಿ, ಊಟದ ಹೊತ್ತಲ್ಲಿ ಯಾರ ಜೊತೆ ಡಬ್ಬಿ ತಿಂದೆ ಅಂತ ಕೇಳಿ. "ಒಬ್ನೇ" ಅಂತ ಮೂರು ವಾರ ಬಂದ್ರೆ, ಕ್ಲಾಸ್ ಟೀಚರ್‌ನ ನೋಡೋ ಹೊತ್ತು ಅದು.

ಕೊನೆಗೆ, ಈಗಾಗಲೇ ಶುರುವಾಗಿದೆ ಅಂದ್ರೆ. ಹೊಡೀಬೇಡಿ. ರಾತ್ರೋರಾತ್ರಿ ಊರಿಗೆ ಸಾಗಿಸಿ ಅಜ್ಜನ ಮನೆಯಲ್ಲಿ ಬಿಡಬೇಡಿ. ಅದು ಇನ್ನೊಂದು ಟ್ರಾನ್ಸ್‌ಫರ್ ಅಷ್ಟೇ. ಕದ್ದು ಮೂತ್ರ ಪರೀಕ್ಷೆ ಮಾಡಿಸಬೇಡಿ. ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಿ ಡಾಕ್ಟರ್ ಹತ್ತಿರ ಹೋಗದವರು ಬಹಳ. ಮಾನಸಿಕ ಆರೋಗ್ಯ ಕಾಯ್ದೆ 2017 ಗೌಪ್ಯತೆಯ ಹಕ್ಕು ಕೊಟ್ಟಿದೆ. ಎನ್‌ಡಿಪಿಎಸ್ ಕಾಯ್ದೆಯಲ್ಲೂ 64ಎ ಅಂತ ಕಲಂ ಇದೆ, ಬಳಸೋ ವ್ಯಸನಿ ತಾನಾಗೇ ಚಿಕಿತ್ಸೆಗೆ ಮುಂದೆ ಬಂದ್ರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತೆ. ಇಲ್ಲಿ ಮಿಹಾನ್‌ನಲ್ಲೇ ಏಮ್ಸ್ ಇದೆ, ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಮನೋವೈದ್ಯ ವಿಭಾಗ ಇದೆ. ಮಗುವಿಗೆ ಕನ್ನಡದಲ್ಲೇ ಮಾತಾಡಬೇಕು ಅನ್ನಿಸಿದ್ರೆ ಟೆಲಿ-ಮಾನಸ್, 14416, ಭಾಷೆ ಆರಿಸ್ಕೋಬಹುದು. ತಂಬಾಕು ಬಿಡೋಕೆ 1800-11-2356, ನಿಮ್ಹಾನ್ಸ್‌ನಿಂದ ಕನ್ನಡದಲ್ಲೂ ಮಾತಾಡ್ತಾರೆ. ಮಾದಕ ವಸ್ತುಗಳಿಗೆ ಕೇಂದ್ರ ಸರ್ಕಾರದ ಸಹಾಯವಾಣಿ 14446. ನಂಬರ್‌ಗಳನ್ನ ಫ್ರಿಜ್ ಮೇಲೆ ಅಂಟಿಸಿ, ಮಗುವಿಗೆ ಕಾಣೋ ಹಾಗೆ. ಪಕ್ಕದಲ್ಲಿ ಭಾಷಣ ಬರೀಬೇಡಿ.

ಹತ್ತು ನಿಮಿಷ ಪ್ರಶ್ನೆಗಳಿಗೆ ಇದೆ. ಎಲ್ಲರೆದುರು ಕೇಳೋದು ಕಷ್ಟ ಅನ್ನೋರು ಚೀಟಿ ಕೊಡಿ, ಹೆಸರು ಬರೀಬೇಡಿ. ಹುಡುಗರು ಆಚೆ ಕೇರಂ ಆಡ್ತಿದ್ದಾರೆ, ಅವರನ್ನೂ ಕರೀರಿ. ಅವರ ಪ್ರಶ್ನೆ ಮೊದಲು ತಗೊಳ್ತೀನಿ.